ನಮ್ಮ ಮನೆಯ ಕೆಂಚ ಬೆಕ್ಕು

(ಕಬ್ಬಾಳಿನಲ್ಲಿ ರೈತರ ಮುಂದೆ ಮಾಡಿದ ಭಾಷಣದ ಪಾಠ)



ಇಂಥ ಸಭೆಗಳಲ್ಲಿ ಗೊಬ್ಬರ, ಬಿತ್ತನೆ ಬೀಜ, ಹಿಪ್ಪುನೇರಳೆ ತೋಟ, ಹಾಲು ಕರೆಯುವ ರಾಸು, ಇವುಗಳ ಮಾತೇ ಹೆಚ್ಚು. ಇಂದು ನಾನು ಬೆಕ್ಕಿನ ವಿಷಯ ಮಾತನಾಡುತ್ತೇನೆ ಎಂದಾಗ ಮುಂದೆ ಕೂತ ನಾಲ್ಕು ಜನ ನಕ್ಕರು. ನಗು ಬರುವುದು ಸಹಜ. ಬೆಕ್ಕು ಹಾಲು ಕರೆಯುವುದಿಲ್ಲ, ನೇಗಿಲು ಎಳೆಯುವುದಿಲ್ಲ, ಸಂತೆಗೆ ಹೊಡೆದುಕೊಂಡು ಹೋದರೆ ಬೆಲೆ ಬರುವುದಿಲ್ಲ. ಆದರೂ ನಿಮ್ಮಲ್ಲಿ ಅರ್ಧಕ್ಕರ್ಧ ಮನೆಗಳ ಜಗಲಿಯ ಮೇಲೆ ಈ ಹೊತ್ತಿನಲ್ಲಿ ಒಂದು ಬೆಕ್ಕು ಮಲಗಿರುತ್ತದೆ. ಅದರಲ್ಲೂ ಕೆಲವು ಮನೆಗಳಲ್ಲಿ ಅದು ಕೆಂಚ ಬೆಕ್ಕೇ ಆಗಿರುತ್ತದೆ. ಅದರ ಬಗೆಗೆ ನಾಲ್ಕು ಮಾತು ಹೇಳುವ ಋಣ ನನ್ನ ಮೇಲೆ ಉಂಟು. ಯಾಕೆ ಋಣ ಎಂಬುದನ್ನು ಮುಂದೆ ಹೇಳುತ್ತೇನೆ.

ಬೆಕ್ಕಿಗೆ ಬಂದ ಕೆಟ್ಟ ಹೆಸರು

ನಮ್ಮ ಗಾದೆಗಳನ್ನೇ ನೋಡಿ. ನಾಯಿಯ ನಿಯತ್ತನ್ನು ಹೊಗಳುತ್ತೇವೆ. ಬೆಕ್ಕಿನ ಮಾತು ಬಂದರೆ, ಕಣ್ಣು ಮುಚ್ಚಿ ಹಾಲು ಕುಡಿಯುವ ಕಳ್ಳ ಎನ್ನುತ್ತೇವೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಕ್ರೂರಿಯನ್ನಾಗಿ ಮಾಡುತ್ತೇವೆ. ಹೊರಟಾಗ ಅಡ್ಡ ಬಂದರೆ ಮನೆಗೆ ಹಿಂತಿರುಗಿ ಒಂದು ಲೋಟ ನೀರು ಕುಡಿದು ಮತ್ತೆ ಹೊರಡುತ್ತೇವೆ. ಅದೇ ಬೆಕ್ಕು ಬಂಗಾಳದಲ್ಲಿ ಮಕ್ಕಳನ್ನು ಕಾಯುವ ಷಷ್ಠೀದೇವಿಯ ವಾಹನ. ಬೆಕ್ಕು ಅಡ್ಡ ಬರುವುದು ನಿಮ್ಮ ಕೆಲಸ ಕೆಡಿಸಲು ಅಲ್ಲ. ಅದಕ್ಕೂ ಆ ಕಡೆ ಒಂದು ಕೆಲಸವಿರುತ್ತದೆ, ಅಷ್ಟೆ.

ನಾಯಿಯನ್ನು ಮನುಷ್ಯ ತನ್ನ ಬೇಟೆಗೆ ಪಳಗಿಸಿಕೊಂಡ, ಎತ್ತನ್ನು ಹಗ್ಗ ಹಾಕಿ ತಂದ. ಬೆಕ್ಕನ್ನು ಯಾರೂ ಕಾಡಿಗೆ ಹೋಗಿ ಹಿಡಿದು ತರಲಿಲ್ಲ. ಪಶ್ಚಿಮ ಏಷ್ಯಾದ ಕಡೆ ಮನುಷ್ಯ ಬೇಸಾಯ ಕಲಿತು ಕಾಳು ಕೂಡಿಡಲು ತೊಡಗಿದಾಗ, ಕಾಳಿಗೆ ಇಲಿ ಬಂತು. ಇಲಿಯ ಹಿಂದೆ ಕಾಡುಬೆಕ್ಕು ತಾನಾಗಿ ಬಂತು. ಬಂದದ್ದು ಹೋಗಲಿಲ್ಲ. ಸೈಪ್ರಸ್ ಎಂಬ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಒಬ್ಬ ಮನುಷ್ಯನನ್ನೂ ಅವನ ಪಕ್ಕದಲ್ಲೇ ಒಂದು ಬೆಕ್ಕನ್ನೂ ಮಣ್ಣು ಮಾಡಿದ್ದನ್ನು ಅಗೆದು ಕಂಡವರು 2004ರಲ್ಲಿ ಲೋಕಕ್ಕೆ ತಿಳಿಸಿದರು. ಆ ದ್ವೀಪದಲ್ಲಿ ಬೆಕ್ಕಿನ ಮೂಲ ಸಂತತಿ ಇರಲಿಲ್ಲ; ಯಾರೋ ದೋಣಿಯಲ್ಲಿ ಕೂರಿಸಿಕೊಂಡೇ ಹೋಗಿರಬೇಕು. ಹಾಗಾದರೆ ನಮ್ಮ ನಿಮ್ಮಂಥ ಕಾಳು ಬೆಳೆಯುವ ಜನಕ್ಕೂ ಬೆಕ್ಕಿಗೂ ಎಷ್ಟು ಹಳೆಯ ನಂಟು ಎಂಬುದನ್ನು ನೀವೇ ಲೆಕ್ಕ ಹಾಕಿ.

ನನ್ನ ತಾಯಿಯ ಕೆಂಚ

ಈಗ ನನ್ನ ಋಣದ ಮಾತು. ನನ್ನ ತಂದೆ ತೀರಿಕೊಂಡ ಮೇಲೆ ತಾಯಿ ಊರಿನ ಮನೆಯಲ್ಲಿ ಒಬ್ಬರೇ ಉಳಿದರು. ಮಕ್ಕಳಾದ ನಾವು ಕೆಲಸದ ಮೇಲೆ ಹೊರಗೆ. ಪಟ್ಟಣಕ್ಕೆ ಬನ್ನಿ ಎಂದರೆ ಒಪ್ಪರು. ಒಂದು ಮಳೆಗಾಲದಲ್ಲಿ ಹಿತ್ತಿಲ ಹುಲ್ಲಿನ ಮೆದೆಯಿಂದ ಒಂದು ಕೆಂಚ ಮರಿ ಒಳಕ್ಕೆ ಬಂತು. ಇಲಿ ಹಿಡಿಯುತ್ತದೆ, ಇರಲಿ ಎಂದು ತಾಯಿ ಒಂದು ಒಡೆದ ಬಟ್ಟಲಲ್ಲಿ ಹಾಲು ಹಾಕಿದರು. ಹೆಸರು ಇಡುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ನಮ್ಮ ಸೀಮೆಯಲ್ಲಿ ಕೆಂಚಪ್ಪ, ಕೆಂಚಮ್ಮ ಎಂದು ಮನುಷ್ಯರಿಗೇ ಹೆಸರುಂಟು. ಇದು ಕೆಂಚ ಆಯಿತು.

ಎರಡು ವರ್ಷದಲ್ಲಿ ಅದು ದಪ್ಪ ತಲೆಯ, ಅಗಲ ಕೆನ್ನೆಯ ಗಂಡು ಬೆಕ್ಕಾಯಿತು. ತಾಯಿ ಹಿತ್ತಿಲಿಗೆ ಹೋದರೆ ಹಿಂದೆ, ಕೊಟ್ಟಿಗೆಗೆ ಹೋದರೆ ಹಿಂದೆ. ಸಂಜೆ ಅವರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತರೆ ಮೊರದ ಪಕ್ಕದಲ್ಲಿ ಕಾಲು ಮಡಿಸಿ ಕೂತುಬಿಡುತ್ತಿತ್ತು. ಮಳೆ ಬಾರದ್ದು, ರಾಗಿ ತೆನೆ ಕಟ್ಟದ್ದು, ಮಕ್ಕಳು ಫೋನು ಮಾಡದ್ದು, ಎಲ್ಲವನ್ನೂ ಅವರು ಅದಕ್ಕೆ ಹೇಳುತ್ತಿದ್ದರು. ನಾನು ವಾರಕ್ಕೊಮ್ಮೆ ಹೋದಾಗ ಇದನ್ನು ಕಂಡು ನಗುತ್ತಿದ್ದೆ. ಆದರೆ ಒಂದು ಮಾತು ಒಪ್ಪಬೇಕು: ವಾರದ ಆರು ದಿನ ಆ ಮನೆಯಲ್ಲಿ ತಾಯಿಯ ಮಾತು ಕೇಳಿದ್ದು ನಾನಲ್ಲ, ಕೆಂಚ.

ಒಂದು ಭಾನುವಾರ ಅಟ್ಟದ ಮೇಲೆ ಇಲಿ ಓಡಾಡುವ ಸದ್ದು ಕೇಳಿ, ಅಂಗಡಿಯಿಂದ ಇಲಿ ಪಾಷಾಣದ ಬಿಲ್ಲೆ ತಂದು ಮೂಲೆಮೂಲೆಗೆ ಇಟ್ಟು ಬಸ್ಸು ಹತ್ತಿದೆ. ಬೆಕ್ಕು ಬಿಲ್ಲೆಯನ್ನು ಮೂಸಿಯೂ ನೋಡುವುದಿಲ್ಲ ಎಂಬ ಧೈರ್ಯ ನನಗಿತ್ತು. ಅದು ನಿಜವೂ ಆಯಿತು. ಕೆಂಚ ಬಿಲ್ಲೆ ಮುಟ್ಟಲಿಲ್ಲ. ನಾಲ್ಕನೆಯ ದಿನ ಇಲಿಗಳು ಹಾಡುಹಗಲಲ್ಲೇ ತೂಗಾಡುತ್ತ ಹೊರಕ್ಕೆ ಬಂದವು. ಅವನ್ನು ಕೆಂಚ ಸಲೀಸಾಗಿ ಹಿಡಿದು ತಿಂದಿತು. ಮುಂದಿನ ವಾರ ನಾನು ಹೋದಾಗ ಅದು ಮಂಚದ ಕೆಳಗೆ ಸೇರಿಕೊಂಡಿತ್ತು. ವಸಡು ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು, ಮೂಗಿನಲ್ಲಿ ರಕ್ತದ ಗುರುತಿತ್ತು. ಚೀಲದಲ್ಲಿ ಹಾಕಿಕೊಂಡು ಪಶುವೈದ್ಯರ ಬಳಿಗೆ ಹೊರಟೆ, ದಾರಿಯಲ್ಲೇ ಸತ್ತಿತು. ಬಿಲ್ಲೆಯ ವಿಷಯ ಕೇಳಿದ ವೈದ್ಯರು, ಎರಡು ದಿನ ಮೊದಲು ತಂದಿದ್ದರೆ ಉಳಿಸಲು ನೋಡಬಹುದಾಗಿತ್ತು ಎಂದರು.

ತಾಯಿ ನನ್ನನ್ನು ಬೈಯಲಿಲ್ಲ. "ಇಲಿಗಿಟ್ಟಿದ್ದು ಕೆಂಚನಿಗೆ ಮುಟ್ತು ಕಣಪ್ಪ" ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು. ಆ ಒಡೆದ ಬಟ್ಟಲನ್ನು ಬಹಳ ದಿನ ಬಾಗಿಲ ಪಕ್ಕದಿಂದ ತೆಗೆಯಲಿಲ್ಲ.

ಆದುದರಿಂದ ಬಂಧುಗಳೆ, ನಾನು ತಿಳಿಯದೆ ಮಾಡಿದ್ದನ್ನು ನೀವು ತಿಳಿದು ಮಾಡಬೇಡಿ ಎಂಬುದೇ ಈ ಭಾಷಣದ ಸಾರಾಂಶ. ಉಳಿದದ್ದು ವಿವರಣೆ.

ಕೆಂಚ ಬಣ್ಣದ ಗುಟ್ಟು

ಕೆಂಚ ಬೆಕ್ಕುಗಳಲ್ಲಿ ಗಂಡೇ ಹೆಚ್ಚು. ಸುಮಾರಾಗಿ ಐದಕ್ಕೆ ನಾಲ್ಕು ಗಂಡು. ಇದಕ್ಕೆ ಕಾರಣವುಂಟು. ಈ ಬಣ್ಣದ ಗುಣ ಇರುವುದು ಎಕ್ಸ್ ಎಂಬ ವರ್ಣತಂತುವಿನಲ್ಲಿ. ಗಂಡಿಗೆ ಅದು ಒಂದೇ, ಅದೂ ತಾಯಿಯಿಂದ ಬಂದದ್ದು. ಆ ಒಂದರಲ್ಲಿ ಕೆಂಚು ಇದ್ದರೆ ಮರಿ ಕೆಂಚವೇ. ಹೆಣ್ಣಿಗೆ ಎರಡು, ತಂದೆಯದೊಂದು, ತಾಯಿಯದೊಂದು. ಎರಡರಲ್ಲೂ ಕೆಂಚು ಇದ್ದರೆ ಮಾತ್ರ ಪೂರ್ತಿ ಕೆಂಚಿ. ಒಂದರಲ್ಲಿ ಮಾತ್ರ ಇದ್ದರೆ ಕಪ್ಪು ಕೆಂಪು ಬೆರೆತ ಚುಕ್ಕೆ ಬೆಕ್ಕು. ನಿಮ್ಮ ಮನೆಯ ಮೂರು ಬಣ್ಣದ ಬೆಕ್ಕು ಹೆಚ್ಚು ಕಡಿಮೆ ಯಾವಾಗಲೂ ಹೆಣ್ಣೇ ಆಗಿರುವುದು ಇದೇ ಕಾರಣಕ್ಕೆ. ಹಾಗಾಗಿ ಗಂಡು ಮರಿ ಕೆಂಚವಾಗಿ ಹುಟ್ಟಿದರೆ ಪಕ್ಕದ ಬೀದಿಯ ಕೆಂಚ ಗಂಡಿನ ಮೇಲೆ ಗುಮಾನಿ ಪಡಬೇಕಾಗಿಲ್ಲ. ಆ ಬಣ್ಣ ತಾಯಿ ಕೊಟ್ಟದ್ದು.

ಇಷ್ಟು ಸಂಗತಿ ಹಿಂದಿನಿಂದ ತಿಳಿದಿತ್ತು. ಆದರೆ ಆ ಗುಣ ನಿಖರವಾಗಿ ಎಲ್ಲಿದೆ ಎಂಬುದು ನೂರು ವರ್ಷಕ್ಕೂ ಹೆಚ್ಚು ಕಾಲ ಕೈಗೆ ಸಿಕ್ಕಿರಲಿಲ್ಲ. ಜಪಾನಿನ ಕ್ಯೂಶೂ ವಿಶ್ವವಿದ್ಯಾನಿಲಯದ ಹಿರೋಯುಕಿ ಸಸಾಕಿ ಅವರ ತಂಡವೂ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕ್ರಿಸ್ಟೋಫರ್ ಕೇಲಿನ್, ಗ್ರೆಗರಿ ಬಾರ್ಶ್ ಅವರ ತಂಡವೂ ಬೇರೆ ಬೇರೆಯಾಗಿ ದುಡಿದು 2025ರಲ್ಲಿ ಉತ್ತರ ಪ್ರಕಟಿಸಿದರು. ಎಕ್ಸ್ ವರ್ಣತಂತುವಿನ ಒಂದು ಕಡೆ ಸುಮಾರು ಐದು ಸಾವಿರ ಅಕ್ಷರದಷ್ಟು ತುಂಡು ಬಿಟ್ಟುಹೋಗಿದೆ; ಅದರಿಂದ ಒಂದು ವಂಶವಾಹಿ ಚುರುಕಾಗಿ, ಕೂದಲಿಗೆ ಕಪ್ಪು ಬಣ್ಣದ ಬದಲು ಕೆಂಪು ಹಳದಿ ಬಣ್ಣ ಬರುತ್ತದೆ. ಜಪಾನಿನ ಕೆಲಸಕ್ಕೆ ಬೆಕ್ಕು ಸಾಕುವ ಸಾಮಾನ್ಯ ಜನ ವಂತಿಗೆ ಕೊಟ್ಟಿದ್ದರು ಎಂಬುದು ಕೇಳಲು ಹಿತವಾದ ಮಾತು.

ಕೆಂಚ ಬೆಕ್ಕು ಬೇರೆ ಬೆಕ್ಕಿಗಿಂತ ಸಾಧು, ಮನುಷ್ಯರನ್ನು ಬೇಗ ಹಚ್ಚಿಕೊಳ್ಳುತ್ತದೆ ಎಂದು ಎಲ್ಲ ದೇಶದವರೂ ಹೇಳುತ್ತಾರೆ. ಬಣ್ಣಕ್ಕೂ ಸ್ವಭಾವಕ್ಕೂ ಗಂಟು ಹಾಕುವ ಪುರಾವೆ ಗಟ್ಟಿಯಾಗಿಲ್ಲ. ಮರಿಯಾಗಿದ್ದಾಗ ಎರಡರಿಂದ ಏಳು ವಾರದೊಳಗೆ ಮನುಷ್ಯರ ಕೈ ಸೋಕಿದ ಯಾವ ಬಣ್ಣದ ಬೆಕ್ಕಾದರೂ ಸಾಧುವಾಗುತ್ತದೆ. ಇನ್ನೊಂದು ಮಾತು: ವಯಸ್ಸಾದ ಕೆಂಚ ಬೆಕ್ಕಿನ ತುಟಿ, ಮೂಗು, ವಸಡಿನ ಮೇಲೆ ಕರಿ ಎಳ್ಳು ಚೆಲ್ಲಿದ ಹಾಗೆ ಚುಕ್ಕೆ ಏಳುವುದುಂಟು. ಅದು ರೋಗವಲ್ಲ, ಹೆದರಬೇಡಿ. ಚುಕ್ಕೆ ಉಬ್ಬಿ ಗಾಯವಾದರೆ ಮಾತ್ರ ವೈದ್ಯರಿಗೆ ತೋರಿಸಿ.

ಬೆಕ್ಕು ಎಷ್ಟು ಕೆಲಸ ಮಾಡೀತು?

ಕೃಷ್ಣದೇವರಾಯನ ಕಾಲದ ಕಥೆ ನಿಮಗೆಲ್ಲ ಗೊತ್ತು. ಇಲಿ ಕಾಟಕ್ಕೆ ರಾಯ ಮನೆಗೊಂದು ಬೆಕ್ಕು ಕೊಟ್ಟು, ಅದಕ್ಕೆ ಹಾಲು ಹಾಕಲು ಹಸುವನ್ನೂ ಕೊಟ್ಟನಂತೆ. ತೆನಾಲಿ ರಾಮಕೃಷ್ಣ ಸುಡುವ ಹಾಲು ಇಟ್ಟು ತನ್ನ ಬೆಕ್ಕು ಹಾಲು ಕಂಡರೆ ಓಡುವಂತೆ ಮಾಡಿದನಂತೆ. ನಾವು ರಾಮಕೃಷ್ಣನ ಜಾಣತನಕ್ಕೆ ನಗುತ್ತೇವೆ. ಆದರೆ ಈ ವಿಷಯದಲ್ಲಿ ರಾಯನೇ ಜಾಣ.

ಯಾಕೆಂದರೆ, ಆಕ್ಸ್‌ಫರ್ಡಿನ ಪ್ರಾಣಿಶಾಸ್ತ್ರಜ್ಞ ಚಾರ್ಲ್ಸ್ ಎಲ್ಟನ್ ಇಂಗ್ಲೆಂಡಿನ ರೈತರ ಮನೆಗಳಲ್ಲಿ ಇದನ್ನೇ ಪರೀಕ್ಷಿಸಿ 1953ರಲ್ಲಿ ಬರೆದರು. ಅವರು ಕಂಡದ್ದು ಎರಡು ಸಂಗತಿ. ಮೊದಲನೆಯದು, ಇಲಿ ಆಗಲೇ ತುಂಬಿಹೋಗಿರುವ ಕಡೆ ಬೆಕ್ಕು ಬಿಟ್ಟರೆ ಇಲಿ ನಿರ್ಮೂಲವಾಗುವುದಿಲ್ಲ. ಎರಡನೆಯದು, ಮೊದಲು ಬೇರೆ ಉಪಾಯದಿಂದ ಇಲಿ ತೆಗೆದು, ಆಮೇಲೆ ಬೆಕ್ಕಿಗೆ ದಿನವೂ ಹಾಲು ಹಾಕಿ ಮನೆಯ ಹತ್ತಿರ ಉಳಿಸಿಕೊಂಡರೆ, ಹೊರಗಿನ ಇಲಿ ಮತ್ತೆ ಒಳಕ್ಕೆ ಬಾರದಂತೆ ಅದು ಕಾಯುತ್ತದೆ. ಹಸಿದ ಬೆಕ್ಕೇ ಇಲಿ ಹಿಡಿಯುವುದು ಎಂಬುದು ತಪ್ಪು ತಿಳಿವಳಿಕೆ. ಹಸಿದ ಬೆಕ್ಕು ಊರೂರು ಅಲೆಯುತ್ತದೆ. ಹೊಟ್ಟೆ ತುಂಬಿದ ಬೆಕ್ಕು ಮನೆಯಲ್ಲಿದ್ದು ಬೇಟೆಯಾಡುತ್ತದೆ. ಬೇಟೆ ಅದಕ್ಕೆ ಹುಟ್ಟುಗುಣ.

ದೊಡ್ಡ ಹೆಗ್ಗಣದ ತಂಟೆಗೆ ಬೆಕ್ಕು ಸಾಮಾನ್ಯವಾಗಿ ಹೋಗುವುದಿಲ್ಲ. ಅದಕ್ಕೆ ಬೋನೇ ಸರಿ.

ರೇಷ್ಮೆ ಸಾಕುವವರಿಗೂ ಒಂದು ಮಾತು. ಹುಳುವನ್ನೂ ಗೂಡನ್ನೂ ಇಲಿ ಹಾಳು ಮಾಡುವುದನ್ನು ನೀವು ಕಂಡಿದ್ದೀರಿ. ಜಪಾನಿನ ರೇಷ್ಮೆ ಸೀಮೆಯಲ್ಲಿ ಇದಕ್ಕಾಗಿಯೇ ಬೆಕ್ಕು ಸಾಕುತ್ತಿದ್ದರು. ಬೆಕ್ಕಿಲ್ಲದವರು ನಿತ್ತಾ ಮನೆತನದ ಪಾಳೆಯಗಾರರು ಬರೆದುಕೊಡುತ್ತಿದ್ದ ಬೆಕ್ಕಿನ ಚಿತ್ರವನ್ನು ಹುಳುಮನೆಯ ಗೋಡೆಗೆ ಹಚ್ಚುತ್ತಿದ್ದರು! ಚಿತ್ರಕ್ಕೆ ಇಲಿ ಹೆದರಿತೋ ಇಲ್ಲವೋ, ಬೆಕ್ಕಿನ ಬೆಲೆ ಆ ರೈತರಿಗೆ ಗೊತ್ತಿತ್ತು. ಆದರೆ ಬೆಕ್ಕನ್ನು ಹುಳುಮನೆಯ ಒಳಕ್ಕೆ ಬಿಡಬೇಡಿ; ತಟ್ಟೆಯ ಮೇಲೆ ನೆಗೆದು ಹುಳು ತುಳಿಯುತ್ತದೆ. ಕಿಟಕಿಗೆ ಜಾಲರಿ ಹಾಕಿ, ಬೆಕ್ಕು ಹೊರಗಿನ ಸುತ್ತು ಕಾಯಲಿ.

ಪಾಷಾಣದ ಲೆಕ್ಕ

ಅಂಗಡಿಯಲ್ಲಿ ಸಿಗುವ ಬಿಲ್ಲೆಗಳಲ್ಲಿ ಹೆಚ್ಚಿನವು ಬ್ರೋಮಡಯಲೋನ್ ಎಂಬ ವಸ್ತುವಿನವು. ಇದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ಬದುಕಿದ್ದು, ಮಂಕಾಗಿ ತಿರುಗಿ, ಒಳಗೇ ರಕ್ತ ಸೋರಿ ಸಾಯುತ್ತದೆ. ವಿಷ ಅದರ ಪಿತ್ತಜನಕಾಂಗದಲ್ಲಿ ಉಳಿದಿರುತ್ತದೆ. ಅಂಥ ಇಲಿಗಳನ್ನು ಒಂದರ ಮೇಲೊಂದು ತಿಂದ ಬೆಕ್ಕಿಗೂ, ಗೂಬೆಗೂ ಅದೇ ಗತಿ. ಕಪ್ಪು ಪುಡಿಯಾದ ಜಿಂಕ್ ಫಾಸ್ಫೈಡ್ ಹೊಟ್ಟೆಯೊಳಗೆ ವಿಷದ ಗಾಳಿಯಾಗುತ್ತದೆ. ಅದಕ್ಕೆ ಪ್ರತಿಮದ್ದೇ ಇಲ್ಲ, ಮನೆಯ ಮಕ್ಕಳಿಗೂ ಅದು ಯಮ.

ಒಂದು ಬೆಕ್ಕು ಸತ್ತರೆ ನಷ್ಟ ಒಂದೇ ಅಲ್ಲ. ಇಲಿ ಮೂರು ವಾರಕ್ಕೆ ಈಯುತ್ತದೆ. ಅಟ್ಟದಲ್ಲಿ ಉಳಿದ ನಾಲ್ಕು ಇಲಿ ಮತ್ತೆ ಸಂಸಾರ ಹೂಡುವ ಹೊತ್ತಿಗೆ ಕಾಯಲು ಬೆಕ್ಕು ಇರುವುದಿಲ್ಲ. ಆಗ ಮತ್ತೆ ಬಿಲ್ಲೆ ತರಬೇಕು.

ಆದಕಾರಣ ಮಾಡತಕ್ಕ ಕೆಲಸದ ಕ್ರಮ ಹೀಗಿರಲಿ:

1. ಮೊದಲು ಸಂದು ಮುಚ್ಚಿ. ಕಿರುಬೆರಳು ತೂರುವಷ್ಟು ಸಂದು ಸಣ್ಣ ಇಲಿಗೆ ಹೆಬ್ಬಾಗಿಲು. ಬಾಗಿಲ ಕೆಳಗೆ ತಗಡು ಹೊಡೆಯಿರಿ, ರಾಗಿ ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಜೋಡಿಸಿ.

2. ಇರುವ ಇಲಿಗಳನ್ನು ಬೋನಿನಿಂದ ಹಿಡಿಯಿರಿ. ಕರಿದ ವಡೆಯ ಚೂರು, ಸುಟ್ಟ ಕೊಬ್ಬರಿ ಸಾಕು. ಒಂದಲ್ಲ, ನಾಲ್ಕಾರು ಬೋನು ಒಟ್ಟಿಗೆ ಇಡಿ.

3. ಆಮೇಲೆ ಬೆಕ್ಕಿಗೆ ದಿನವೂ ಎರಡು ಹೊತ್ತು ಒಂದೇ ಜಾಗದಲ್ಲಿ ಊಟ ಹಾಕಿ, ಕಾವಲು ಒಪ್ಪಿಸಿ.

4. ಎಲ್ಲಿಯಾದರೂ ಪಾಷಾಣ ಇಡಲೇಬೇಕಾದರೆ, ನೆರೆಮನೆಗೆ ಹೇಳಿ ಇಡಿ, ಬೆಕ್ಕನ್ನು ಕಟ್ಟಿಹಾಕಿ ಅಥವಾ ಕೋಣೆಯಲ್ಲಿಡಿ, ಸತ್ತ ಇಲಿಗಳನ್ನು ದಿನವೂ ಹುಡುಕಿ ಆಳವಾಗಿ ಹೂಳಿ.

5. ಬೆಕ್ಕು ಮಂಕಾಗಿ, ವಸಡು ಬಿಳಿಚಿ, ಉಸಿರಿಗೆ ಕಷ್ಟಪಟ್ಟರೆ ಅಂದೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಪಾಷಾಣದ ಕವರನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಿಲ್ಲೆಗೆ ಕೆ-1 ಜೀವಸತ್ವ ಮದ್ದು. ಅದನ್ನು ಕೆಲವು ವಾರ ಕೊಡಬೇಕಾಗುತ್ತದೆ. ಬೇಗ ಹೋದವರ ಬೆಕ್ಕು ಉಳಿಯುತ್ತದೆ.

ಸಾಕುವವರು ತಿಳಿದಿರಬೇಕಾದ್ದು

ಬೆಕ್ಕು ಮಾಂಸಾಹಾರಿ ಪ್ರಾಣಿ. ಮುದ್ದೆ, ಅನ್ನ ಮಾತ್ರ ತಿಂದು ಅದರ ಮೈ ನಿಲ್ಲುವುದಿಲ್ಲ. ಬೇಯಿಸಿದ ಮೊಟ್ಟೆಯೋ, ಮೀನಿನ ತಲೆಯೋ, ಮಾಂಸದ ಚೂರೋ ಆಗಾಗ ಬೇಕು. ಹಾಲು ಕೆಲವಕ್ಕೆ ಬೇಧಿ ತರುತ್ತದೆ. ಹಾಗಾದರೆ ನಿಲ್ಲಿಸಿ ನೀರಿಡಿ. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು ಬೆಕ್ಕಿನ ರಕ್ತ ಕೆಡಿಸುತ್ತದೆ. ಮನುಷ್ಯರ ಜ್ವರದ ಮಾತ್ರೆ ಪ್ಯಾರಾಸಿಟಮಾಲ್ ಒಂದೇ ಸಾಕು, ಬೆಕ್ಕು ಸಾಯುತ್ತದೆ. ನಾಯಿಗೆ ಹಚ್ಚುವ ಉಣ್ಣೆ ಔಷಧವನ್ನೂ ಬೆಕ್ಕಿಗೆ ಹಚ್ಚಬೇಡಿ.

ಕೆಂಚ ಬೆಕ್ಕು ಹೆಚ್ಚಾಗಿ ಗಂಡಾದುದರಿಂದ ವಾರಗಟ್ಟಲೆ ಕಾಣೆಯಾಗಿ, ಕಿವಿ ಹರಿದುಕೊಂಡು ಬರುವುದು ನಿಮಗೆ ಗೊತ್ತು. ಐದಾರು ತಿಂಗಳಿಗೆ ಬೀಜ ತೆಗೆಸಿದರೆ ಅಲೆಯುವುದೂ ಕಾದಾಡುವುದೂ ಕಡಿಮೆಯಾಗಿ ಮನೆಯಲ್ಲಿ ನಿಲ್ಲುತ್ತದೆ. ಇಲಿ ಹಿಡಿಯುವ ಗುಣ ಹೋಗುವುದಿಲ್ಲ. ಹೆಣ್ಣಿಗೂ ಶಸ್ತ್ರಚಿಕಿತ್ಸೆ ಮಾಡಿಸಿದರೆ ಮರಿಗಳನ್ನು ಗೋಣಿಯಲ್ಲಿ ತುಂಬಿ ಊರಾಚೆ ಬಿಟ್ಟುಬರುವ ಪಾಪ ತಪ್ಪುತ್ತದೆ. ನಮ್ಮ ಬೆಟ್ಟದ ಸೀಮೆಯಲ್ಲಿ ಚಿರತೆಯ ಓಡಾಟವೂ ಉಂಟು. ರಾತ್ರಿ ಬೆಕ್ಕನ್ನು ಕಾಳಿನ ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕಿ. ಅದಕ್ಕೂ ಕ್ಷೇಮ, ಕಾಳಿಗೂ ಕ್ಷೇಮ.

ಮೂರು ತಿಂಗಳಾದ ಮೇಲೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿ, ವೈದ್ಯರು ಹೇಳಿದಂತೆ ಮತ್ತೆ ಮತ್ತೆ ಹಾಕಿಸಿ. ಬೆಕ್ಕು ಕಚ್ಚಿದರೂ ಪರಚಿದರೂ ಅಸಡ್ಡೆ ಬೇಡ. ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಆರೋಗ್ಯ ಕೇಂದ್ರಕ್ಕೆ ಹೋಗಿ. ಬಸುರಿ ಹೆಂಗಸರು ಬೆಕ್ಕಿನ ಹೇಲು ಬಾಚುವ ಕೆಲಸ ಮಾಡಬಾರದು. ಅದರಲ್ಲಿ ಗರ್ಭಕ್ಕೆ ತೊಂದರೆ ಕೊಡುವ ಒಂದು ರೋಗಾಣು ಇರಬಹುದು. ಬೇರೆಯವರು ಬಾಚಿ, ಕೈ ತೊಳೆಯಲಿ.

ಜೊತೆಗಾರ

ಕಡೆಯ ಮಾತು. ಇಲಿಯ ಲೆಕ್ಕ ಒಂದಾದರೆ, ಜೊತೆಯ ಲೆಕ್ಕ ಇನ್ನೊಂದು. ಬೆಳೆದ ಬೆಕ್ಕುಗಳು ತಮ್ಮ ತಮ್ಮಲ್ಲಿ ಮ್ಯಾವ್ ಎಂದು ಕರೆದುಕೊಳ್ಳುವುದು ಅಪರೂಪ. ಆ ದನಿ ಹೆಚ್ಚಾಗಿ ಮನುಷ್ಯರ ಜೊತೆ ಮಾತಾಡಲು. ಜಪಾನಿನ ಅತ್ಸುಕೊ ಸೈತೋ ಅವರ ತಂಡ 2019ರಲ್ಲಿ ತೋರಿಸಿದಂತೆ, ಮನೆಯ ಬೆಕ್ಕು ಬೇರೆ ಶಬ್ದಗಳ ನಡುವೆ ತನ್ನ ಹೆಸರನ್ನು ಗುರುತಿಸುತ್ತದೆ. ಕರೆದಾಗ ಬಾರದಿದ್ದರೆ ತಿಳಿಯಲಿಲ್ಲ ಎಂದಲ್ಲ, ಮನಸ್ಸಿಲ್ಲ ಎಂದರ್ಥ. 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದವರು ಇನ್ನೊಂದು ಕಂಡರು: ಬೆಕ್ಕಿನ ಕಡೆ ನೋಡಿ ನಿಧಾನವಾಗಿ ಕಣ್ಣು ಮುಚ್ಚಿ ತೆರೆದರೆ ಅದೂ ಹಾಗೆಯೇ ಮಾಡಿ ಹತ್ತಿರ ಬರುತ್ತದೆ. ಕಣ್ಣು ಮುಚ್ಚಿದ ಬೆಕ್ಕನ್ನು ಕಳ್ಳ ಎಂದ ನಮಗೆ ಇದು ಗೊತ್ತಿರಲಿಲ್ಲ. ಕಣ್ಣು ಮುಚ್ಚುವುದು ಅದರ ಭಾಷೆಯಲ್ಲಿ ನಂಬಿಕೆಯ ಮಾತು. ಇಂದು ರಾತ್ರಿ ಮನೆಗೆ ಹೋಗಿ ಪರೀಕ್ಷಿಸಿ ನೋಡಿ.

ಮಕ್ಕಳು ಕನಕಪುರಕ್ಕೋ ಬೆಂಗಳೂರಿಗೋ ಹೋದ ಮೇಲೆ ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ವಯಸ್ಸಾದವರು ಒಬ್ಬರೇ ದೀಪ ಹಚ್ಚುತ್ತಾರೆ. ಅಂಥ ಮನೆಯ ಜಗಲಿಯಲ್ಲಿ ಒಂದು ಕೆಂಚ ಬೆಕ್ಕು ಕೂತಿರುವುದು ಸಣ್ಣ ವಿಷಯವಲ್ಲ. ಕಳೆದ ವರ್ಷ ನನ್ನ ತಾಯಿಯ ಮನೆಗೆ ಮತ್ತೊಂದು ಮರಿ ಬಂದಿದೆ, ಇದೂ ಕೆಂಚವೇ. ಈ ಸಲ ನಾನು ತೆಗೆದುಕೊಂಡು ಹೋದದ್ದು ಆರು ಬೋನು. ಬಾಗಿಲ ಪಕ್ಕದ ಒಡೆದ ಬಟ್ಟಲು ಅದೇ.

ನೀವು ಮನೆಗೆ ಹೋದ ಮೇಲೆ ಒಮ್ಮೆ ಅಟ್ಟ ಹತ್ತಿ ನೋಡಿ. ಮೂಲೆಯಲ್ಲಿ ಹಳೆಯ ಬಿಲ್ಲೆ ಬಿದ್ದಿದ್ದರೆ ಕೈಗೆ ಕವರು ಹಾಕಿಕೊಂಡು ತೆಗೆದು ಹೂಳಿ. ಇಷ್ಟು ಮಾಡಿದರೆ ಈ ದಿನದ ನನ್ನ ಮಾತು ಸಾರ್ಥಕ.